‘ಫೀಡ್‌ಬ್ಯಾಕ್ ತುಂಬಿದ್ರೆ ಸರ್ಟಿಫಿಕೇಟ್ ಬರುತ್ತೆ ಸರ್’: ವೈದ್ಯಕೀಯ ಸಮ್ಮೇಳನಗಳ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಗೆ,
ರಾಜ್ಯ ಮಟ್ಟದ ವೈದ್ಯಕೀಯ ಸಮ್ಮೇಳನಗಳ ಸಂಘಟನಾ ಕಾರ್ಯದರ್ಶಿಗಳು, ಖಜಾಂಚಿಗಳು ಮತ್ತು ವೈಜ್ಞಾನಿಕ ಸಮಿತಿಯ ಸದಸ್ಯರು

ಮಾನ್ಯರೇ,

ಕೊನೆಯ ದಿನ, ಮಧ್ಯಾಹ್ನ ಎರಡೂವರೆ. ಊಟ ಮುಗಿದಿದೆ, ಹಾಲ್ ‘ಎ’ಯಲ್ಲಿ ಮುಕ್ಕಾಲು ಕುರ್ಚಿ ಖಾಲಿ. ಜನ ಇರುವುದೆಲ್ಲ ಸರ್ಟಿಫಿಕೇಟ್ ಕೌಂಟರ್ ಮುಂದೆ. ಒಂದು ಕೈಯಲ್ಲಿ ಟ್ರಾಲಿ ಬ್ಯಾಗು, ಇನ್ನೊಂದರಲ್ಲಿ ಫೋನು, ರೈಲಿಗೆ ಒಂದೇ ಗಂಟೆ. ಕೌಂಟರಿನ ಹುಡುಗ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ತೋರಿಸಿ ಹೇಳುತ್ತಾನೆ: ‘ಫೀಡ್‌ಬ್ಯಾಕ್ ತುಂಬಿದ್ರೆ ಸರ್ಟಿಫಿಕೇಟ್ ಬರುತ್ತೆ ಸರ್.’ ಫಾರ್ಮಿನಲ್ಲಿ 24 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಹೆಬ್ಬೆರಳು ಬಲಗಡೆಯ ಸಾಲಿನಲ್ಲಿ ಮೇಲಿಂದ ಕೆಳಗೆ ಇಳಿದು ಬರಲು ಒಂದು ನಿಮಿಷವೂ ಬೇಡ. ವಾರದ ನಂತರ ಸಮಿತಿಯ ವಾಟ್ಸಾಪ್ ಗುಂಪಿನಲ್ಲಿ ಬಣ್ಣಬಣ್ಣದ ಪೈ ಚಾರ್ಟ್ ಬರುತ್ತದೆ. ಎಲ್ಲವೂ ‘ಅತ್ಯುತ್ತಮ’. ಎಲ್ಲರೂ ಚಪ್ಪಾಳೆಯ ಚಿತ್ರ ಹಾಕುತ್ತಾರೆ.

ಆ ಚಾರ್ಟಿನಿಂದ ಮುಂದಿನ ವರ್ಷದ ಸಮಿತಿಗೆ ಮೂರು ಕಾಸಿನ ಉಪಯೋಗವಿಲ್ಲ. ನೋಂದಣಿ, ಸಭಾಂಗಣ, ಮೌಲ್ಯಮಾಪನದ ಕೆಲಸ ಮಾಡುವ ನಾವು ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಬಂದವರ ಅನುಭವವನ್ನು ಅಳೆಯುವುದು ದುಬಾರಿ ಕೆಲಸವೇನೂ ಅಲ್ಲ. ಆದರೆ ಸಮ್ಮೇಳನ ಮುಗಿಯುವ ಹೊತ್ತಿಗೆ ನೆನಪಾದರೆ ಆಗದು. ಅದಕ್ಕೆ ಸಿದ್ಧತೆ ಕಿಟ್ ಬ್ಯಾಗಿಗೆ ಆರ್ಡರ್ ಕೊಡುವ ದಿನವೇ ಶುರುವಾಗಬೇಕು.

ಮೊದಲು ಸರ್ಟಿಫಿಕೇಟಿನ ಗಂಟು ಬಿಚ್ಚಿ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಗಳು ಪ್ರತಿ 5 ವರ್ಷಕ್ಕೆ ಕನಿಷ್ಠ 30 ಗಂಟೆಯ ಮುಂದುವರಿಕೆ ಶಿಕ್ಷಣ ಬೇಕು ಎನ್ನುತ್ತವೆ. ಆ ಲೆಕ್ಕಕ್ಕೆ ಸೇರುವ ಗಂಟೆಗಳ, ಅಂದರೆ ಕ್ರೆಡಿಟ್ ಗಂಟೆಯ ಪತ್ರ ವೈದ್ಯರಿಗೆ ಗೋಡೆಗೆ ತೂಗುಹಾಕುವ ಕಾಣಿಕೆಯಲ್ಲ, ಬೇಕೇ ಬೇಕಾದ ಕಾಗದ. ಅದನ್ನು ತಡೆಹಿಡಿದು ಅಭಿಪ್ರಾಯ ಕೇಳಿದರೆ ಸಿಗುವುದು ಪ್ರವೇಶ ಶುಲ್ಕ, ಅಭಿಪ್ರಾಯವಲ್ಲ. ಕ್ರೆಡಿಟ್ಟಿಗೆ ಹಾಜರಾತಿಯೇ ಆಧಾರವಾಗಲಿ: ಹಾಲಿನ ಬಾಗಿಲಲ್ಲಿ ಒಳಗೆ ಹೋಗುವಾಗ, ಹೊರಗೆ ಬರುವಾಗ ಬ್ಯಾಡ್ಜ್ ಸ್ಕ್ಯಾನ್ ಮಾಡಿ. ಅಭಿಪ್ರಾಯ ಬೇರೆ ದಾರಿಯಲ್ಲಿ, ಹೆಸರಿಲ್ಲದೆ ಬರಲಿ.

ಹೆಸರಿಲ್ಲದೆ ಎಂದರೆ ನಿಜವಾಗಿಯೂ ಹೆಸರಿಲ್ಲದೆ. ಇಮೇಲ್ ಹಾಕಿ ಲಾಗಿನ್ ಆಗಬೇಕಾದ ಫಾರ್ಮಿನ ತಲೆಯ ಮೇಲೆ ‘ನಿಮ್ಮ ಗುರುತು ಗೋಪ್ಯ’ ಎಂದು ಬರೆದರೆ ಯಾವ ಪಿಜಿ ವಿದ್ಯಾರ್ಥಿಯೂ ನಂಬುವುದಿಲ್ಲ. ಆತನ ವಿಭಾಗದ ಮುಖ್ಯಸ್ಥರೇ ಸಂಘಟನಾ ಸಮಿತಿಯಲ್ಲಿರುತ್ತಾರೆ, ಥೀಸಿಸ್‌ಗೆ ಸಹಿ ಹಾಕುವವರೂ ಅವರೇ. ಆತ 5 ಒತ್ತದೆ ಇನ್ನೇನು ಒತ್ತಾನು?

ಇಷ್ಟೆಲ್ಲ ಸರಿಮಾಡಿದ ಮೇಲೂ ‘ಉಪನ್ಯಾಸ ಹೇಗಿತ್ತು?’ ಎಂಬ ಪ್ರಶ್ನೆಯ ಮೇಲೆ ಹೆಚ್ಚು ಭಾರ ಹಾಕಬೇಡಿ. 1973ರಲ್ಲಿ ಅಮೆರಿಕದ ವೈದ್ಯಕೀಯ ಶಿಕ್ಷಣದ ಪತ್ರಿಕೆಯೊಂದರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಒಬ್ಬ ನಟನಿಗೆ ‘ಡಾ. ಫಾಕ್ಸ್’ ಎಂದು ಹೆಸರಿಟ್ಟು, ದೊಡ್ಡ ಪರಿಚಯ ಕೊಟ್ಟು, ಗಣಿತದ ಗೇಮ್ ಥಿಯರಿಯನ್ನು ವೈದ್ಯ ಶಿಕ್ಷಣಕ್ಕೆ ಅನ್ವಯಿಸುವ ಬಗ್ಗೆ ಮಾತಾಡಿಸಿದರು. ಮಾತಿನಲ್ಲಿ ತಿರುಳಿರಲಿಲ್ಲ, ಇದ್ದದ್ದು ಹಾಸ್ಯ, ಆತ್ಮವಿಶ್ವಾಸ ಮತ್ತು ಒಂದಕ್ಕೊಂದು ತಾಳೆಯಾಗದ ಹೇಳಿಕೆಗಳು. ಕೇಳಿದವರು ಮನೋವೈದ್ಯರು, ಶಿಕ್ಷಣ ಕ್ಷೇತ್ರದವರು. ಅವರಲ್ಲಿ ಹೆಚ್ಚಿನವರು ಒಳ್ಳೆಯ ಅಂಕವನ್ನೇ ಕೊಟ್ಟರು. ಮಾತುಗಾರಿಕೆಗೆ ಬಿದ್ದ ಅಂಕವನ್ನು ಕಲಿಕೆಯ ಅಂಕವೆಂದು ಓದಿಕೊಂಡರೆ ಮುಂದಿನ ವರ್ಷವೂ ಅದೇ ಭಾಷಣಕಾರರು ಬರುತ್ತಾರೆ. ಬರುತ್ತಲೇ ಇದ್ದಾರೆ.

ಹಾಗಾದರೆ ಏನು ಅಳೆಯಬೇಕು? ಎಣಿಸಲು ಬರುವುದನ್ನು ಕೇಳಬೇಡಿ, ಎಣಿಸಿ. ‘ನೋಂದಣಿ ವ್ಯವಸ್ಥೆ ತೃಪ್ತಿಕರವೇ?’ ಎಂಬ ಪ್ರಶ್ನೆ ತೆಗೆದುಹಾಕಿ, ಸಾಲಿನ ಹಿಂದಿನ ತುದಿಯಲ್ಲಿ ಒಬ್ಬ ಸ್ವಯಂಸೇವಕನನ್ನು ನಿಲ್ಲಿಸಿ. ಪ್ರತಿ ಹತ್ತನೆಯವರ ಕೈಗೆ ಅವನು ಒಂದು ಚೀಟಿ ಕೊಡಲಿ, ಅದರ ಮೇಲೆ ಆಗಿನ ಸಮಯ: 8.20. ಕೌಂಟರಿನಲ್ಲಿ ಕಿಟ್ ಕೊಡುವವರು ಚೀಟಿ ವಾಪಸ್ ಪಡೆದು ತಮ್ಮ ಸಮಯ ಬರೆಯಲಿ: 8.57. ಇಂಥ 40 ಚೀಟಿ ಕೈಗೆ ಬಂದರೆ ಸಾಕು, ಯಾವ ಹೊತ್ತಿನಲ್ಲಿ ಎಷ್ಟು ಕಾದರು ಎಂಬುದು ಗೆರೆ ಎಳೆದಂತೆ ಕಾಣುತ್ತದೆ.

ಯಾಕೆ ಕಾದರು ಎಂಬುದಕ್ಕೆ ಬಾಯಿಲೆಕ್ಕ ಸಾಕು. ಹೆಸರು ಹುಡುಕಿ, ಬ್ಯಾಡ್ಜ್ ಪ್ರಿಂಟ್ ತೆಗೆದು, ಬ್ಯಾಗು ಕೊಟ್ಟು, ಊಟದ ಕೂಪನ್ ಹರಿದು, ಸಹಿ ಹಾಕಿಸಿಕೊಳ್ಳಲು ಒಬ್ಬರಿಗೆ 90 ಸೆಕೆಂಡು ಹಿಡಿಯುತ್ತದೆ ಎನ್ನಿ. ಅಂದರೆ ಒಂದು ಕೌಂಟರಿಗೆ ಗಂಟೆಗೆ 40 ಜನ. 8ರಿಂದ 9ರೊಳಗೆ 600 ಮಂದಿ ಬಂದು, ಕೌಂಟರ್ ಆರೇ ಇದ್ದರೆ 9 ಗಂಟೆಗೆ 360 ಜನ ಇನ್ನೂ ಸಾಲಿನಲ್ಲೇ. ಕೊನೆಯವರು ಒಂದೂವರೆ ಗಂಟೆ ಕಾಯುತ್ತಾರೆ, ಅಷ್ಟರಲ್ಲಿ ಮೊದಲ ಸೆಷನ್ ಮುಗಿದಿರುತ್ತದೆ. 15 ಕೌಂಟರ್ ಹಾಕಿ ಎಂದು ನಾವು ಹೇಳುತ್ತಿಲ್ಲ. ಬ್ಯಾಡ್ಜನ್ನು ಮೊದಲೇ ಪ್ರಿಂಟ್ ಮಾಡಿ ಅಕ್ಷರಾನುಕ್ರಮದಲ್ಲಿ ಇಟ್ಟು, ಊಟದ ಕೂಪನ್ನನ್ನು ಬ್ಯಾಡ್ಜಿಗೇ ಸೇರಿಸಿ, ಕಿಟ್ ಬ್ಯಾಗಿನ ವಿತರಣೆಯನ್ನು ಬೇರೆ ಮೂಲೆಗೆ, ಟೀ ಬ್ರೇಕಿನ ಹೊತ್ತಿಗೆ ತಳ್ಳಿ. ಒಬ್ಬರಿಗೆ 30 ಸೆಕೆಂಡು ಸಾಕಾಗುತ್ತದೆ, ಗಂಟೆಗೆ 120 ಜನ, ಐದು ಕೌಂಟರಿನಲ್ಲಿ 600 ಮಂದಿ ಮುಗಿಯುತ್ತಾರೆ. ಸಾಲನ್ನು ಉದ್ದ ಮಾಡುವುದು ಹೆಚ್ಚಿನ ಸಲ ಆ ಬ್ಯಾಗೇ. ‘ನಂಗೆ ಕಪ್ಪು ಬಣ್ಣದ್ದು ಕೊಡಿ’ ಎನ್ನುವವರು ಪ್ರತಿ ಸಾಲಿನಲ್ಲೂ ಇರುತ್ತಾರೆ.

ಹಾಲಿನೊಳಗೂ ಎಣಿಕೆಯೇ. ಪ್ರತಿ ಸೆಷನ್ನಿಗೆ ಮೂರು ಸಲ ತಲೆ ಎಣಿಸಿ: ಶುರುವಾಗಿ 10 ನಿಮಿಷಕ್ಕೆ, ನಡುವೆ, ಮುಗಿಯಲು 5 ನಿಮಿಷ ಇರುವಾಗ. ಒಂದು ಸಾಲಿನಲ್ಲಿ ಎಷ್ಟು ಕುರ್ಚಿ ಎಂದು ಮೊದಲೇ ಗೊತ್ತಿದ್ದರೆ ಎರಡು ನಿಮಿಷದ ಕೆಲಸ. ನಡುವಿನ ಎಣಿಕೆ 210 ಇದ್ದದ್ದು ಕೊನೆಯಲ್ಲಿ 90 ಆದರೆ ಯಾವ ಅಭಿಪ್ರಾಯ ಪತ್ರವೂ ಅದಕ್ಕಿಂತ ಸ್ಪಷ್ಟವಾಗಿ ಮಾತಾಡದು. ಆದರೆ ಕಾರಣವನ್ನು ಅವಸರದಲ್ಲಿ ಭಾಷಣಕಾರರ ತಲೆಗೆ ಕಟ್ಟಬೇಡಿ. ಪಕ್ಕದ ಹಾಲಿನಲ್ಲಿ ಅದೇ ಹೊತ್ತಿಗೆ ಕ್ವಿಜ್ ಫೈನಲ್ ಇತ್ತೇ, ಊಟದ ಬಾಗಿಲು ಬೇಗ ತೆರೆಯಿತೇ, ಎಸಿ ಕೆಟ್ಟಿತ್ತೇ ಎಂಬುದನ್ನು ಎಣಿಸುವವರೇ ಪಕ್ಕದ ಕಾಲಂನಲ್ಲಿ ಬರೆಯಲಿ.

ಈ ಎಣಿಕೆ ಬರೆಯುವ ಪುಸ್ತಕದಲ್ಲೇ ಇನ್ನೆರಡು ಕಾಲಂ: ನಿಗದಿತ ಸಮಯ, ನಿಜವಾಗಿ ಶುರುವಾದ ಸಮಯ. 90 ನಿಮಿಷದ ಸೆಷನ್ನಿನಲ್ಲಿ ತಲಾ 17 ನಿಮಿಷದ ನಾಲ್ಕು ಉಪನ್ಯಾಸ, ಕೊನೆಗೆ 22 ನಿಮಿಷ ಚರ್ಚೆ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಇರುತ್ತದೆ. ಒಬ್ಬೊಬ್ಬರು 5 ನಿಮಿಷ ಹೆಚ್ಚು ತೆಗೆದುಕೊಂಡರೆ ಉಳಿಯುವುದು 2 ನಿಮಿಷ. ಚೇರ್‌ಪರ್ಸನ್ ‘ಸಮಯದ ಅಭಾವದಿಂದ ಪ್ರಶ್ನೆಗಳನ್ನು ಚಹಾ ವೇಳೆಯಲ್ಲಿ’ ಎಂದು ಹೇಳಿ, ನೆನಪಿನ ಕಾಣಿಕೆ ಕೊಡಲು ಎದ್ದು ನಿಲ್ಲುತ್ತಾರೆ. ತಾಲೂಕು ಕೇಂದ್ರದಿಂದ ಬಂದ ವೈದ್ಯರೊಬ್ಬರು ಬಸ್ಸು ಹತ್ತಿ ಬಂದದ್ದೇ ಆ ಪ್ರಶ್ನೆ ಕೇಳಲು ಆಗಿರಬಹುದು. ಉಪನ್ಯಾಸದ ಸ್ಲೈಡುಗಳಾದರೆ ಮನೆಯಲ್ಲಿ ಕೂತರೂ ಸಿಗುತ್ತವೆ. ಹಾಗಾಗಿ ‘ಎಷ್ಟು ನಿಮಿಷ ಚರ್ಚೆ ನಡೆಯಿತು, ಎಷ್ಟು ಪ್ರಶ್ನೆ ಬಂದವು, ಪ್ರಶ್ನೆ ಕೇಳಿದವರಿಗೆ ಮೈಕ್ ತಲುಪಿತೇ’ ಎಂಬ ಮೂರು ಅಂಶ ಪ್ರತಿ ಸೆಷನ್ನಿನ ಮುಂದೆಯೂ ದಾಖಲಾಗಲಿ. ಬೆಳಗಿನ ಸೆಷನ್ನಿನ ಹೊಟ್ಟೆ ಸೀಳಿ ಉದ್ಘಾಟನೆ ಇಟ್ಟುಕೊಂಡು ಗಣ್ಯರಿಗಾಗಿ ಕಾದ ನಿಮಿಷಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಬರೆದಿಟ್ಟರೆ ಮುಂದಿನವರಿಗೆ ಉದ್ಘಾಟನೆಯನ್ನು ಹಿಂದಿನ ಸಂಜೆಗೆ ಒಯ್ಯುವ ಧೈರ್ಯ ಬಂದೀತು.

ಕಿವಿಗೂ ಕಣ್ಣಿಗೂ ಒಂದು ಪರೀಕ್ಷೆ ಇದೆ. ನಮ್ಮ ಎಷ್ಟೋ ಸಮ್ಮೇಳನ ನಡೆಯುವುದು ಮದುವೆಗೆಂದು ಕಟ್ಟಿದ ಸಭಾಂಗಣಗಳಲ್ಲಿ. ನುಣುಪು ಗ್ರಾನೈಟ್ ನೆಲ, ಎತ್ತರದ ಛಾವಣಿ, ನಾದಸ್ವರಕ್ಕೆ ಸರಿ, ಉಪನ್ಯಾಸಕ್ಕೆ ಗೊಂಗೋ ಎನ್ನುವ ಪ್ರತಿಧ್ವನಿ. ಮರದ ಅಡ್ಡಗೋಡೆ ಎಳೆದು ಹಾಲ್ ‘ಬಿ’ ಮತ್ತು ‘ಸಿ’ ಮಾಡಿದ ಕಡೆ ಒಂದರ ಚಪ್ಪಾಳೆ ಇನ್ನೊಂದರಲ್ಲಿ ಕೇಳುತ್ತದೆ. ಹಿಂದಿನ ದಿನ ಒಬ್ಬರು ಕೊನೆಯ ಸಾಲಿನ ಮೂಲೆಯಲ್ಲಿ ಕೂರಲಿ, ವೇದಿಕೆಯಿಂದ ಇನ್ನೊಬ್ಬರು ಹತ್ತು ಔಷಧಗಳ ಹೆಸರನ್ನು ಮಾಮೂಲಿ ವೇಗದಲ್ಲಿ ಓದಲಿ, ಕೂತವರು ಕೇಳಿಸಿದಂತೆ ಬರೆದುಕೊಳ್ಳಲಿ. ಎರಡು ತಪ್ಪಾದರೂ ಸೌಂಡ್ ಸಿಸ್ಟಮಿನವರನ್ನು ಕರೆಯಿರಿ. ಈ ಪರೀಕ್ಷೆ ಪಕ್ಕದ ಹಾಲಿನಲ್ಲೂ ಮೈಕ್ ಚಾಲೂ ಇರುವಾಗ ನಡೆಯಬೇಕು. ಪರದೆಗೆ ಹಳೆಯ ಅಂದಾಜು ಸಾಕು: ಕೊನೆಯ ಸಾಲಿನ ದೂರ ಪರದೆಯ ಎತ್ತರದ ಆರು ಪಟ್ಟಿನ ಆಸುಪಾಸಿನಲ್ಲಿರಲಿ. 2 ಮೀಟರ್ ಎತ್ತರದ ಪರದೆ ಇಟ್ಟು 25 ಮೀಟರ್ ದೂರದವರೆಗೆ ಕುರ್ಚಿ ಹಾಕಿದರೆ ಹಿಂದಿನ ಅರ್ಧ ಸಭಾಂಗಣ ಫೋನು ನೋಡುತ್ತದೆ, ಅದು ಅವರ ತಪ್ಪಲ್ಲ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕಡಿಗಿಂತ ಕೆಳಗಿದ್ದರೆ ಸ್ಲೈಡಿನ ಕೊನೆಯ ಸಾಲುಗಳು ಮುಂದಿನವರ ತಲೆಯ ಹಿಂದೆ ಹೋಗುತ್ತವೆ. ತೀರ್ಮಾನದ ಸಾಲು ಇರುವುದೂ ಅಲ್ಲೇ.

ವರ್ಕ್‌ಶಾಪಿಗೆ ಬೇರೆಯದೇ ಅಳತೆ ಬೇಕು, ಯಾಕೆಂದರೆ ಅದಕ್ಕೆ ಬೇರೆ ದುಡ್ಡು ಕಟ್ಟಿರುತ್ತಾರೆ. ‘ತೃಪ್ತಿಯಾಯಿತೇ?’ ಎನ್ನುವುದಕ್ಕಿಂತ ಒಬ್ಬೊಬ್ಬರ ಕೈಯಲ್ಲಿ ಉಪಕರಣ ಎಷ್ಟು ನಿಮಿಷ ಇತ್ತು ಎಂದು ಲೆಕ್ಕ ಹಾಕಿ. ಅಲ್ಟ್ರಾಸೌಂಡ್ ವರ್ಕ್‌ಶಾಪ್, 30 ಜನ, 3 ಯಂತ್ರ, 2 ಗಂಟೆ. 120 ನಿಮಿಷವನ್ನು 3ರಿಂದ ಗುಣಿಸಿ 30ರಿಂದ ಭಾಗಿಸಿದರೆ ಒಬ್ಬರಿಗೆ 12 ನಿಮಿಷ. ಸ್ವಾಗತ, ಪರಿಚಯ, ‘ಚಿಕ್ಕದೊಂದು ಪೀಠಿಕೆ’ಗಳಲ್ಲಿ ಮೊದಲ ಗಂಟೆ ಹೋದರೆ 6 ನಿಮಿಷ. ಅದರಲ್ಲೂ ಮುಂದೆ ನಿಂತ ಇಬ್ಬರು ಪ್ರೋಬ್ (ಮೈಮೇಲೆ ಇಟ್ಟು ನೋಡುವ ಹಿಡಿ) ಬಿಡದಿದ್ದರೆ ಹಿಂದಿನವರಿಗೆ ಸೊನ್ನೆ. ಯಂತ್ರದ ಪಕ್ಕದಲ್ಲಿ ಹೆಸರಿನ ಪಟ್ಟಿ, ಗಡಿಯಾರ ಹಿಡಿದ ಒಬ್ಬ ಪಿಜಿ ಇದ್ದರೆ ಇದು ಅಳತೆಯೂ ಆಯಿತು, ಪರಿಹಾರವೂ ಆಯಿತು. ನಡುವೆ ಒಂದು ಮಾತು: ಸ್ಕ್ಯಾನಿಂಗ್ ಯಂತ್ರವನ್ನು ನೋಂದಾಯಿತ ಜಾಗದಿಂದ ಆಚೆ ತರಲು ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಅನುಮತಿ ಬೇಕು. ಆ ಅರ್ಜಿ ತಡವಾದರೆ ವರ್ಕ್‌ಶಾಪು ವಿಡಿಯೊ ಪ್ರದರ್ಶನವಾಗುತ್ತದೆ, ಆಮೇಲೆ ಎಂಥ ಫಾರ್ಮ್ ಕೊಟ್ಟರೂ ಅಷ್ಟೇ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಸಮಿತಿಗಳು ಹೆಚ್ಚು ತಲೆ ಕೆಡಿಸಿಕೊಳ್ಳುವುದೇ ಅದಕ್ಕೆ. ಸಾಲಿನ ಚೀಟಿ ಅಲ್ಲೂ ಕೆಲಸ ಮಾಡುತ್ತದೆ, ಮಹಿಳೆಯರ ಶೌಚಾಲಯದ ಮುಂದೆಯೂ ಟೀ ಬ್ರೇಕಿನಲ್ಲಿ ಅದನ್ನೇ ಬಳಸಿ. 15 ನಿಮಿಷದ ವಿರಾಮದಲ್ಲಿ 12 ನಿಮಿಷ ಅಲ್ಲೇ ಕಳೆದವರು ಸ್ಟಾಲೂ ನೋಡಿಲ್ಲ, ಚಹಾನೂ ಕುಡಿದಿಲ್ಲ. ಗಾಲಿಕುರ್ಚಿಯವರಿಗೆ ರಾಂಪ್ ಇದೆಯೇ ಎಂದು ಕೇಳುವ ಬದಲು ಅಳೆಯಿರಿ: ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದ. ಹಾಲಿಗೆ ರಾಂಪ್ ಇದ್ದು ವೇದಿಕೆಗೆ ಇಲ್ಲದಿರುವುದೇ ಸಾಮಾನ್ಯ. ಗಾಲಿಕುರ್ಚಿಯ ವೈದ್ಯರು ಕೇಳುಗರಾಗಿಯೇ ಬರುತ್ತಾರೆ, ಭಾಷಣಕಾರರಾಗಿ ಬರುವುದಿಲ್ಲ ಎಂದುಕೊಂಡ ಹಾಗೆ.

ಈಗ ಪ್ರಶ್ನೆಗಳಿಗೆ ಬರೋಣ. ಎಣಿಕೆಗೆ ಸಿಗದ್ದನ್ನು ಮಾತ್ರ ಕೇಳಿ, ಆರು ಪ್ರಶ್ನೆ ದಾಟಬೇಡಿ. ‘ಊಟ ಮತ್ತು ವಸತಿ ಹೇಗಿತ್ತು?’ ಎಂಬುದು ಒಂದೇ ಪ್ರಶ್ನೆಯ ವೇಷದ ಎರಡು ಪ್ರಶ್ನೆ; ಊಟ ಚೆನ್ನಾಗಿದ್ದು ಕೋಣೆಯಲ್ಲಿ ನೀರು ಬಾರದಿದ್ದವರು 3 ಕೊಟ್ಟರೆ ನಿಮಗೆ ಎರಡರ ಸುದ್ದಿಯೂ ಗೊತ್ತಾಗದು. ‘ಸಮ್ಮೇಳನದ ಉನ್ನತ ವೈಜ್ಞಾನಿಕ ಗುಣಮಟ್ಟವನ್ನು ನೀವು ಒಪ್ಪುತ್ತೀರಾ?’ ಎಂಬುದು ಪ್ರಶ್ನೆಯಲ್ಲ, ಹೊಗಳಿಕೆಗೆ ಸಹಿ ಕೇಳುವುದು. ಅಂಕದ ಬದಲು ಘಟನೆ ಕೇಳಿ. ಹೀಗೆ: ‘ಇವತ್ತು ಯಾವ ಸೆಷನ್ನಿನಿಂದ ನಡುವೆ ಎದ್ದು ಬಂದಿರಿ, ಯಾಕೆ?’ ‘ಹೋಗಬೇಕೆಂದಿದ್ದೂ ಹೋಗಲಾಗದ ಸೆಷನ್ ಯಾವುದು, ಅಡ್ಡ ಬಂದದ್ದೇನು?’ ‘ನಿಮ್ಮ ಕೆಲಸಕ್ಕೆ ನೇರ ಉಪಯೋಗಕ್ಕೆ ಬರುವ ಒಂದು ಅಂಶ?’ ‘ಒಂದು ವಿಷಯ ತೆಗೆದುಹಾಕಿ ಎಂದರೆ ಯಾವುದನ್ನು ತೆಗೆಯುತ್ತೀರಿ?’ ‘ಯಾವುದಾದರೂ ಉಪನ್ಯಾಸ ಒಂದು ಕಂಪನಿಯ ಔಷಧದ ಕಡೆ ವಾಲಿದಂತೆ ಕಂಡಿತೇ?’ ‘ನೀವು ಪಿಜಿಯೇ, ಖಾಸಗಿ ವೃತ್ತಿಯವರೇ, ಸರ್ಕಾರಿ ಸೇವೆಯವರೇ, ಬೋಧಕರೇ?’ ಟೈಪ್ ಮಾಡಲು ಬೇಜಾರಾದವರು 30 ಸೆಕೆಂಡಿನ ಧ್ವನಿ ಸಂದೇಶ ಕಳಿಸಲು ಒಂದು ನಂಬರ್ ಕೊಡಿ, ಕನ್ನಡದಲ್ಲೇ ಹೇಳಲಿ. ಇಂಗ್ಲಿಷ್ ಫಾರ್ಮಿನಲ್ಲಿ ‘ಗುಡ್’ ಎಂದು ಬರೆದವರೇ ಕನ್ನಡದಲ್ಲಿ ಬಾಯಿ ಬಿಟ್ಟರೆ ನೂರು ವಿವರ ಕೊಡುತ್ತಾರೆ. ಆದರೆ ದನಿ ಕೇಳಿದರೆ ಗುರುತು ಹತ್ತುತ್ತದೆ. ಆ ನಂಬರ್ ಸಮಿತಿಯ ಹೊರಗಿನವರ ಬಳಿ ಇರಲಿ, ಅವರು ಬರಹಕ್ಕಿಳಿಸಿ ಕೊಟ್ಟದ್ದು ಮಾತ್ರ ನಿಮಗೆ ಬರಲಿ.

ಕೇಳುವ ಹೊತ್ತೂ ಮುಖ್ಯ. ವೈದ್ಯರಿಗೆ ಹತ್ತಿರದ ಉದಾಹರಣೆಯನ್ನೇ ಹೇಳುತ್ತೇವೆ. ಕೊಲೊನೊಸ್ಕೊಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ಮಾಡುವ ಪರೀಕ್ಷೆ) ಮಾಡಿಸಿಕೊಂಡವರ ನೋವಿನ ನೆನಪಿನ ಮೇಲೆ ಸಂಶೋಧಕರಾದ ರೆಡೆಲ್ಮಿಯರ್ ಮತ್ತು ಕಾನ್‌ಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೋವು ಎಷ್ಟು ಹೊತ್ತು ಇತ್ತು ಎಂಬುದು ನೆನಪಿನಲ್ಲಿ ಅಷ್ಟಾಗಿ ಉಳಿದಿರಲಿಲ್ಲ. ಅತಿ ತೀವ್ರ ಕ್ಷಣ ಮತ್ತು ಕೊನೆಯ ಕ್ಷಣಗಳೇ ಒಟ್ಟು ನೆನಪನ್ನು ನಿರ್ಧರಿಸಿದ್ದವು. ಸಮ್ಮೇಳನವೂ ಹಾಗೇ. ಕೊನೆಯ ದಿನ ಕೇಳಿದರೆ ಸಿಗುವುದು ಹಿಂದಿನ ರಾತ್ರಿಯ ಬ್ಯಾಂಕ್ವೆಟ್ಟಿನ ಸಂಗೀತ, ಅವತ್ತಿನ ಊಟ. ಹಾಗಾಗಿ ಆರು ಪ್ರಶ್ನೆಯನ್ನು ಒಟ್ಟಿಗೆ ಕೊಡದೆ ದಿನಕ್ಕೆ ಎರಡರಂತೆ, ಸಂಜೆ ಐದರ ಹೊತ್ತಿಗೆ ಕೊಡಿ.

ಎಷ್ಟು ಜನ ಉತ್ತರಿಸಿದರು ಎಂಬುದಕ್ಕಿಂತ ಯಾರು ಉತ್ತರಿಸಲಿಲ್ಲ ಎಂಬುದು ದೊಡ್ಡದು. 1,000 ಜನರಿಗೆ ಲಿಂಕ್ ಕಳಿಸಿ 180 ಉತ್ತರ ಬಂದರೆ, ಅವರು ತುಂಬಾ ಖುಷಿಯಾದವರು, ತುಂಬಾ ಸಿಟ್ಟಾದವರು, ಮತ್ತು ಸಮಿತಿಯವರ ಸ್ನೇಹಿತರು. ಅದರ ಬದಲು ನೋಂದಣಿ ಸಂಖ್ಯೆಯಿಂದ ಚೀಟಿ ಎತ್ತಿ 120 ಜನರನ್ನು ಆರಿಸಿ: 40 ಪಿಜಿಗಳು, 40 ತಾಲೂಕು ಮಟ್ಟದ ವೃತ್ತಿನಿರತರು, 40 ಬೋಧಕರು. ಎರಡು ಸಲ ನೆನಪಿಸಿ, ಬೇಕಾದರೆ ಫೋನ್ ಮಾಡಿ. 120ರಲ್ಲಿ 90 ಉತ್ತರ ಬಂದರೆ ಅದು ಆ 180ಕ್ಕಿಂತ ನಂಬಿಕೆಗೆ ಯೋಗ್ಯ. ಒಟ್ಟು ಸಂಖ್ಯೆ ಬೇಕಾದಾಗ ಪ್ರತಿ ಗುಂಪಿನ ನಿಜವಾದ ಪಾಲಿಗೆ ತಕ್ಕಂತೆ ತೂಕ ಕೊಡಿ, ಮೂರನ್ನೂ ಸುಮ್ಮನೆ ಕೂಡಿಸಬೇಡಿ. ಇದಲ್ಲದೆ ಮೊದಲ ದಿನ ಸ್ಕ್ಯಾನ್ ಆಗಿ ಎರಡನೇ ದಿನ ಆಗದವರಲ್ಲಿ 20 ಜನರಿಗೆ ಕರೆ ಮಾಡಿ. ಬಿಟ್ಟು ಹೋದವರಿಗೆ ಮುಲಾಜಿಲ್ಲ.

‘ಈ ಸಮ್ಮೇಳನವನ್ನು ಸಹೋದ್ಯೋಗಿಗೆ ಶಿಫಾರಸು ಮಾಡುತ್ತೀರಾ, 0ಯಿಂದ 10ರಲ್ಲಿ ಹೇಳಿ’ ಎಂಬ ಪ್ರಶ್ನೆ ಈಗ ಇವೆಂಟ್ ಕಂಪನಿಗಳ ಕೃಪೆಯಿಂದ ಎಲ್ಲೆಡೆ ಬಂದಿದೆ. 9, 10 ಕೊಟ್ಟವರ ಶೇಕಡಾವಾರಿನಿಂದ 0ಯಿಂದ 6 ಕೊಟ್ಟವರ ಶೇಕಡಾವಾರನ್ನು ಕಳೆದು ಬರುವ ಸಂಖ್ಯೆ ಅದು. 100 ಉತ್ತರದಲ್ಲಿ 50 ಜನ ಮೇಲಿನವರು, 20 ಜನ ಕೆಳಗಿನವರು ಇದ್ದರೆ 30. ಆದರೆ 100 ಉತ್ತರದ ಮೇಲೆ ಆ 30ರ ಆಚೆಈಚೆ ಸುಮಾರು 15ರ ಅನಿಶ್ಚಿತತೆ ಇರುತ್ತದೆ. ಕಳೆದ ವರ್ಷ 30 ಇದ್ದದ್ದು ಈ ವರ್ಷ 40 ಆಯಿತೆಂದು ಸಮಾರೋಪದಲ್ಲಿ ಘೋಷಿಸುವ ಮೊದಲು, ನಿಮ್ಮದೇ ಸಮಿತಿಯಲ್ಲಿರುವ ಅಂಕಿಅಂಶ ಬಲ್ಲ ಸಮುದಾಯ ವೈದ್ಯಶಾಸ್ತ್ರದವರನ್ನು ಒಂದು ಮಾತು ಕೇಳಿ.

ಕಲಿತರೇ ಎಂಬುದು ಸಮ್ಮೇಳನದ ದಿನ ಗೊತ್ತಾಗುವಂಥದ್ದಲ್ಲ. ವೈದ್ಯ ಶಿಕ್ಷಣದ ಮೌಲ್ಯಮಾಪನಕ್ಕೆ ಮೂರ್ ಎಂಬ ಸಂಶೋಧಕರು ಮತ್ತು ಸಂಗಡಿಗರು 2009ರಲ್ಲಿ ಹಾಕಿಕೊಟ್ಟ ಏಳು ಮೆಟ್ಟಿಲಲ್ಲಿ ಹಾಜರಾತಿ ಮೊದಲನೆಯದು, ತೃಪ್ತಿ ಎರಡನೆಯದು. ನಮ್ಮವರು ಅಲ್ಲೇ ನಿಂತುಬಿಡುತ್ತಾರೆ. ಐದನೆಯದಕ್ಕೆ, ಅಂದರೆ ವೃತ್ತಿಯಲ್ಲಿ ಏನು ಬದಲಾಯಿತು ಎಂಬುದಕ್ಕೆ, ಒಂದು ಕಾರ್ಡು ಸಾಕು. ‘ಸೋಮವಾರದಿಂದ ಒಪಿಡಿಯಲ್ಲಿ ನಾನು ಬೇರೆ ರೀತಿ ಮಾಡುವ ಒಂದು ಕೆಲಸ’ ಎಂದು ಅವರೇ ಬರೆಯಲಿ. ಎಂಟು ವಾರ ಬಿಟ್ಟು ಅದೇ ವಾಕ್ಯವನ್ನು ಅವರಿಗೆ ವಾಪಸ್ ಕಳಿಸಿ: ಮಾಡಿದಿರಾ, ಸ್ವಲ್ಪ ಮಾಡಿದಿರಾ, ಆಗಲಿಲ್ಲವೇ, ಯಾಕೆ? ‘ಆ ಔಷಧ ನಮ್ಮ ತಾಲೂಕು ಆಸ್ಪತ್ರೆಯ ಸ್ಟಾಕಿನಲ್ಲಿ ಇಲ್ಲ’, ‘ಆ ಪರೀಕ್ಷೆಗೆ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು’ ಎಂಬಂಥ ಉತ್ತರ ಬಂದರೆ ಮುಂದಿನ ವರ್ಷದ ಕಾರ್ಯಕ್ರಮಕ್ಕೆ ಅದಕ್ಕಿಂತ ಒಳ್ಳೆಯ ವಿಷಯಸೂಚಿ ಇನ್ನೊಂದಿಲ್ಲ. ಇದಕ್ಕೆ ಮೊಬೈಲ್ ನಂಬರ್ ಬೇಕು, ಅವರೇ ಒಪ್ಪಿ ಕೊಟ್ಟವರದು ಮಾತ್ರ.

ನಂಬರ್ ಎಂದಾಗ ಇನ್ನೊಂದು ಮಾತು. ಕಂಪನಿಯ ಸ್ಟಾಲಿನಲ್ಲಿ ಬ್ಯಾಡ್ಜ್ ಸ್ಕ್ಯಾನ್ ಮಾಡಿಸಿ ಪೆನ್ನು ಪಡೆದ ಮರುದಿನದಿಂದ ಕರೆಗಳು ಶುರುವಾಗುತ್ತವೆ ಎಂಬುದು ಬಂದವರ ಹಳೆಯ ಗೊಣಗು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಯಾವ ಉದ್ದೇಶಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯುವುದನ್ನು ಕೇಳುತ್ತದೆ. ನೋಂದಣಿ ಪಟ್ಟಿಯನ್ನೇ ಸ್ಪಾನ್ಸರ್‌ಗೆ ಕೊಡುವ ಪದ್ಧತಿ ಇದ್ದರೆ ಈಗಲೇ ನಿಲ್ಲಿಸಿ. ಔಷಧ ಕಂಪನಿಗಳ ಮಾರಾಟ ಪದ್ಧತಿ ಕುರಿತು 2024ರ ಮಾರ್ಚ್‌ನಲ್ಲಿ ಬಂದ ಸಂಹಿತೆಯ ಪ್ರಕಾರ, ಇಂಥ ಕಾರ್ಯಕ್ರಮಗಳ ಖರ್ಚಿನ ವಿವರವನ್ನು ಕಂಪನಿಗಳು ತಮ್ಮ ಜಾಲತಾಣದಲ್ಲಿ ಹಾಕಬೇಕು. ಅವರೇ ಹಾಕುವಾಗ ನೀವು ನಿಮ್ಮ ವರದಿಯಲ್ಲಿ ಬಚ್ಚಿಡುವುದರಲ್ಲಿ ಅರ್ಥವಿಲ್ಲ.

ನಮ್ಮ ಮುಖ್ಯ ಬೇಡಿಕೆ ಇದು. ರಾಜ್ಯ ಸಮ್ಮೇಳನ ವರ್ಷಕ್ಕೊಂದು ಊರಿಗೆ ಹೋಗುತ್ತದೆ. ಒಂದು ವರ್ಷ ಹುಬ್ಬಳ್ಳಿ, ಮುಂದಿನ ವರ್ಷ ಮಂಗಳೂರು, ಅದರಾಚೆ ಕಲಬುರಗಿ. ಸಮಿತಿ ಹೊಸದು, ಸಭಾಂಗಣ ಹೊಸದು, ಇವೆಂಟ್ ಕಂಪನಿ ಹೊಸದು. ತಪ್ಪು ಮಾತ್ರ ಹಳೆಯವು. ಹಸ್ತಾಂತರವಾಗುವುದು ಬ್ಯಾನರು, ಬ್ಯಾಂಕ್ ಬ್ಯಾಲೆನ್ಸು, ಅಧ್ಯಕ್ಷರ ಕೊರಳಿನ ಪದಕ. ಇವುಗಳ ಜತೆಗೆ ನಾಲ್ಕು ಪುಟದ ಒಂದು ಟಿಪ್ಪಣಿಯೂ ಕೈ ಬದಲಾಗಲಿ ಎಂದು ರಾಜ್ಯ ಸಂಘದ ಕಾರ್ಯಕಾರಿ ಸಮಿತಿ ನಿರ್ಣಯ ಮಾಡಲಿ. ಮೊದಲ ಪುಟದಲ್ಲಿ ಎಣಿಕೆಗಳು: ಅರ್ಧ ಗಂಟೆಗೊಮ್ಮೆ ನೋಂದಣಿಯ ಕಾಯುವಿಕೆ, ಪ್ರತಿ ಸೆಷನ್ನಿನ ಮೂರು ತಲೆಎಣಿಕೆ, ತಡವಾದ ನಿಮಿಷ, ಚರ್ಚೆಗೆ ಉಳಿದ ನಿಮಿಷ. ಎರಡನೆಯದರಲ್ಲಿ ಚೀಟಿ ಎತ್ತಿ ಆರಿಸಿದವರ ಉತ್ತರಗಳು, ಗುಂಪುವಾರು. ಮೂರನೆಯದರಲ್ಲಿ ಏನು ಕೆಟ್ಟಿತು, ಎಷ್ಟು ಹೊತ್ತಿಗೆ, ಯಾಕೆ, ಏನು ಮಾಡಿದೆವು. ನಾಲ್ಕನೆಯದರಲ್ಲಿ ಮುಂದಿನವರು ಬಿಡಬೇಕಾದ ಮೂರು, ಉಳಿಸಿಕೊಳ್ಳಬೇಕಾದ ಮೂರು. ಹೊಗಳಿಕೆಗೆ ಸ್ಮರಣ ಸಂಚಿಕೆ ಇದೆ.

ಸಮ್ಮೇಳನ ಮುಗಿದ ಮೂರು ವಾರದೊಳಗೆ, ಮುಂದಿನ ಊರಿನವರು ಸಭಾಂಗಣಕ್ಕೆ ಮುಂಗಡ ಕೊಡುವ ಮುನ್ನ, ಇದು ಅವರ ಕೈ ಸೇರಬೇಕು. ಎಂಟು ವಾರದ ಕಾರ್ಡುಗಳ ಉತ್ತರ ಆಮೇಲೆ, ವೈಜ್ಞಾನಿಕ ಸಮಿತಿ ಮೊದಲ ಸಲ ಸೇರುವ ಹೊತ್ತಿಗೆ ಹೋದರೆ ಸಾಕು. ಮೊದಲ ಎರಡು ಪುಟವನ್ನು ಎಲ್ಲ ಪ್ರತಿನಿಧಿಗಳಿಗೂ ಕಳಿಸಿ. ತಾವು ಹೇಳಿದ್ದು ಎಲ್ಲೋ ದಾಖಲಾಗಿದೆ ಎಂದು ಕಂಡವರು ಮುಂದಿನ ಸಲ 5 ಒತ್ತುವ ಬದಲು ಎರಡು ಸಾಲು ಬರೆಯುತ್ತಾರೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸಮ್ಮೇಳನಗಳ ನೋಂದಣಿ, ಸಭಾಂಗಣ ಮತ್ತು ಮೌಲ್ಯಮಾಪನದ ಕೆಲಸದಲ್ಲಿರುವ ಕೆಲವರು

ತಾ.ಕ.: ಚೀಟಿ ಕೊಡುವವರು ಮತ್ತು ವಾಪಸ್ ಪಡೆಯುವವರು ಇಬ್ಬರೂ ಫೋನಿನ ಗಡಿಯಾರವನ್ನೇ ನೋಡಲಿ. ಒಬ್ಬರು ಹಾಲಿನ ಗೋಡೆ ಗಡಿಯಾರ ನೋಡಿ ಬರೆದರೆ ಲೆಕ್ಕ ಕೆಡುತ್ತದೆ. ಆ ಗಡಿಯಾರ ಮುಹೂರ್ತ ತಪ್ಪದಿರಲೆಂದು ಯಾರೋ ಹತ್ತು ನಿಮಿಷ ಮುಂದೆ ಇಟ್ಟಿದ್ದಿರಬಹುದು.